ಬಾಗಿಲ ಮೊಳೆಯ ಪರವಾಗಿ

ಇಪ್ಪತ್ತೆಂಟು ವರ್ಷ ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದೆ. ಅದರಲ್ಲಿ ಇಪ್ಪತ್ತು ವರ್ಷವಾದರೂ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಒಂದು ಬಗೆಯ ಮಾತು ಕಂಡೊಡನೆ ಕೆಂಪು ಗೀಟು ಎಳೆಯುತ್ತಿದ್ದೆ. 'ಬ್ರೇವ್ ಆ್ಯಸ್ ಎ ಲಯನ್', 'ಕೂಲ್ ಆ್ಯಸ್ ಎ ಕ್ಯುಕಂಬರ್', 'ವೈಟ್ ಆ್ಯಸ್ ಸ್ನೋ'. ಪಕ್ಕದಲ್ಲಿ 'ಕ್ಲೀಷೆ' ಎಂದು ಬರೆದು ಮುಂದಿನ ಪುಟ ತಿರುಗಿಸುತ್ತಿದ್ದೆ. ಅದೇ ಮಕ್ಕಳು ಹೈಸ್ಕೂಲಿನಲ್ಲಿ ಇವೇ ಹೋಲಿಕೆಗಳನ್ನು ಉರು ಹೊಡೆದು, ಬಿಟ್ಟ ಸ್ಥಳ ತುಂಬಿ ಅಂಕ ಪಡೆದು ಬಂದವರು. ಅಲ್ಲಿ ಕೊಟ್ಟ ಅಂಕವನ್ನು ಇಲ್ಲಿ ಕಿತ್ತುಕೊಳ್ಳುತ್ತಿದ್ದೆವು. ಒಮ್ಮೆ ಒಬ್ಬ ಹುಡುಗಿ ಉತ್ತರಪತ್ರಿಕೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದು ಕೇಳಿದಳು: "ಸರ್, ಹಾಗಾದ್ರೆ ಇಂಗ್ಲಿಷರು ಇದನ್ನ ಮಾತಾಡೋದೇ ಇಲ್ವಾ?" "ಮಾತಾಡ್ತಾರಮ್ಮ, ಆದ್ರೆ ಬರೀಬಾರ್ದು" ಎಂದೆ. ಆಕೆ ತಲೆಯಾಡಿಸಿ ಹೋದಳು. ನಾನು ಹೇಳಿದ್ದು ತಪ್ಪು ಎಂದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಈಗ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಬರೆಯುತ್ತಿದ್ದೇನೆ.

ಆ ತಪ್ಪನ್ನು ನನಗೆ ಕಲಿಸಿದವರು ಸಣ್ಣವರಲ್ಲ. ಜಾರ್ಜ್ ಆರ್ವೆಲ್ 1946ರ ಏಪ್ರಿಲ್‌ನಲ್ಲಿ ಲಂಡನ್ನಿನ 'ಹೊರೈಜನ್' ಪತ್ರಿಕೆಯಲ್ಲಿ 'ಪಾಲಿಟಿಕ್ಸ್ ಅಂಡ್ ದಿ ಇಂಗ್ಲಿಷ್ ಲ್ಯಾಂಗ್ವೇಜ್' ಎಂಬ ಪ್ರಬಂಧ ಪ್ರಕಟಿಸಿದ. ಅದರ ಕೊನೆಯಲ್ಲಿ ಆರು ನಿಯಮಗಳಿವೆ. ಅಚ್ಚಿನಲ್ಲಿ ಕಂಡು ಕಂಡು ಅಭ್ಯಾಸವಾದ ರೂಪಕವನ್ನಾಗಲಿ ಉಪಮೆಯನ್ನಾಗಲಿ ಎಂದೂ ಬಳಸಕೂಡದು ಎಂಬುದು ಮೊದಲನೆಯ ನಿಯಮ. ಅದಕ್ಕೆ ಆರು ವರ್ಷ ಮುಂಚೆ, 1940ರಲ್ಲಿ, ಎರಿಕ್ ಪಾರ್ಟ್ರಿಜ್ ಸವಕಲು ಮಾತುಗಳದೇ ಒಂದು ನಿಘಂಟು ತಂದಿದ್ದ. 2001ರಲ್ಲಿ ಮಾರ್ಟಿನ್ ಏಮಿಸ್ ತನ್ನ ವಿಮರ್ಶಾಲೇಖನಗಳ ಸಂಕಲನಕ್ಕೆ 'ದಿ ವಾರ್ ಅಗೇನ್ಸ್ಟ್ ಕ್ಲೀಷೆ' ಎಂದೇ ಹೆಸರಿಟ್ಟ. ಇಷ್ಟರಲ್ಲಿ ಬರವಣಿಗೆಯ ಕೈಪಿಡಿಗಳಿಗೂ ಮೇಷ್ಟರುಗಳಿಗೂ ಇದು ವೇದವಾಕ್ಯವಾಗಿಬಿಟ್ಟಿತ್ತು: ಹೋಲಿಕೆ ಬೇಕಾದರೆ ಹೊಸದನ್ನು ಹುಟ್ಟಿಸು, ಆಗದಿದ್ದರೆ ಹೋಲಿಕೆಯನ್ನೇ ಬಿಡು. ಇನ್ನೊಬ್ಬರ ಬಾಯಿಂದ ಎತ್ತಿಕೊಂಡ ಹೋಲಿಕೆ ಸೋಮಾರಿ ಮನಸ್ಸಿನ ಗುರುತು.

ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಭಾಷೆ ಹೇಗೆ ದುಡಿಯುತ್ತದೆ ಎಂಬುದನ್ನು ಅದು ತಪ್ಪಾಗಿ ತಿಳಿದಿದೆ. ಆ ಭಾಷೆಯನ್ನು ಅಂಗಡಿಯಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಆಡುವ ಜನರನ್ನು ಇನ್ನೂ ತಪ್ಪಾಗಿ ತಿಳಿದಿದೆ.

ಮೊದಲು ಈ ಹೋಲಿಕೆಗಳ ಕೆಲಸವೇನೆಂದು ನೋಡೋಣ. ಉಪಮೆ ಎಂದರೆ ಕಣ್ಣಮುಂದೆ ಚಿತ್ರ ನಿಲ್ಲಿಸುವುದು ಎಂದು ಆರ್ವೆಲ್ ನಂಬಿದ್ದ. ಚಿತ್ರ ನಿಲ್ಲದಿದ್ದರೆ ಆಡಿದವನು ಯೋಚಿಸಿಲ್ಲ ಎಂದು ಅವನ ತರ್ಕ. ಕವಿಯ ಉಪಮೆಗೆ ಈ ಮಾತು ಒಪ್ಪುತ್ತದೆ. ಆದರೆ ಇಂಗ್ಲಿಷ್ ಹೆಂಗಸೊಬ್ಬಳು ತನ್ನ ಹಳೆಯ ಕಾರಿನ ಬ್ಯಾಟರಿ 'ಡೆಡ್ ಆ್ಯಸ್ ಎ ಡೋರ್‌ನೇಲ್' ಎಂದಾಗ ಅವಳ ಮನಸ್ಸಿನಲ್ಲಿ ಬಾಗಿಲೂ ಇಲ್ಲ, ಮೊಳೆಯೂ ಇಲ್ಲ. ಕೇಳುವವರ ಮನಸ್ಸಿನಲ್ಲೂ ಇಲ್ಲ. ಬ್ಯಾಟರಿ ಪೂರ್ತಿ ಸತ್ತಿದೆ, ಚಾರ್ಜು ಮಾಡಿ ಪ್ರಯೋಜನವಿಲ್ಲ, ಹೊಸದನ್ನೇ ತರಬೇಕು ಎಂಬಷ್ಟೂ ತಿಳಿದುಹೋಗುತ್ತದೆ. ಅಲ್ಲಿ ಮೊಳೆ ಅಳತೆಗೋಲಾಗಿ ಬಂದಿದೆ. ಸ್ವೀಡನ್ನಿನ ಸ್ವಾರ್ಟೆನ್‌ಗ್ರೆನ್ ಎಂಬ ವಿದ್ವಾಂಸ ಇದನ್ನು ಒಂದು ಶತಮಾನದ ಹಿಂದೆಯೇ ಕಂಡುಕೊಂಡಿದ್ದ. ಇಂಥ ಹೋಲಿಕೆಗಳನ್ನು ಕೂಡಿಹಾಕಿ ಅವನು 1918ರಲ್ಲಿ ಲುಂಡ್ ನಗರದಿಂದ ಹೊರತಂದ ಗ್ರಂಥದ ಹೆಸರು 'ಇಂಟೆನ್ಸಿಫೈಯಿಂಗ್ ಸಿಮಿಲೀಸ್ ಇನ್ ಇಂಗ್ಲಿಷ್'. ತೀವ್ರತೆ ಹೆಚ್ಚಿಸುವ ಉಪಮೆಗಳು ಎಂದು ಹೆಸರಿನಲ್ಲೇ ಹೇಳಿದ್ದಾನೆ. 'ಆ್ಯಸ್... ಆ್ಯಸ್' ಎಂಬ ಚೌಕಟ್ಟು ಬಂದಾಗ ಇಂಗ್ಲಿಷ್ ಕಿವಿ ಕೇಳಿಸಿಕೊಳ್ಳುವುದು 'ಎಷ್ಟು' ಎಂಬ ಪ್ರಶ್ನೆಗೆ ಉತ್ತರವನ್ನು.

ಇದನ್ನು ಒಪ್ಪದವರು 'ವೆರಿ' ಎಂಬ ಪದವನ್ನು ಹೇಗೆ ಒಪ್ಪುತ್ತಾರೆ? ಹಳೆಯ ಫ್ರೆಂಚಿನಿಂದ ಬಂದ ಆ ಪದದ ಮೂಲ ಅರ್ಥ 'ನಿಜವಾದ' ಎಂದು. 'ವೆರಿ ಟೈರ್ಡ್' ಎನ್ನುವವನ ಮನಸ್ಸಿನಲ್ಲಿ ಸತ್ಯದ ಕಲ್ಪನೆ ಇದೆಯೇ ಎಂದು ಯಾರೂ ತಪಾಸಣೆ ಮಾಡುವುದಿಲ್ಲ. 'ಟೆರಿಬ್ಲಿ' ಎಂಬುದರೊಳಗೆ ಭಯ ಇತ್ತು, 'ಆಫುಲಿ' ಎಂಬುದರೊಳಗೆ ದೈವಭೀತಿ ಇತ್ತು. ಇವತ್ತು 'ಟೆರಿಬ್ಲಿ ನೈಸ್', 'ಆಫುಲಿ ಕೈಂಡ್' ಎಂದರೆ ಯಾರೂ ಹೆದರುವುದಿಲ್ಲ. ಮೂಲದ ಅರ್ಥ ಹಿಂಗಿಹೋಗಿ ತೀವ್ರತೆಯೊಂದೇ ಉಳಿದ ಪದಗಳು ಇವು. ಇವುಗಳಿಗೆ ಕೈಪಿಡಿಯಲ್ಲಿ ಜಾಗವಿದೆ, ಬಾಗಿಲ ಮೊಳೆಗೆ ಇಲ್ಲ. ಮೊಳೆಗಾದರೋ ಇನ್ನೂ ಒಂದು ಆಕಾರವಿದೆ, ಬೇಕೆಂದವರು ಅದನ್ನು ಮುಟ್ಟಿ ನೋಡಬಹುದು. 'ವೆರಿ'ಯಲ್ಲಿ ಮುಟ್ಟಲು ಏನೂ ಉಳಿದಿಲ್ಲ.

ಇಷ್ಟೇ ಅಲ್ಲ. ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಗುಣವಾಚಕಗಳು ಮಡಿಚಿಟ್ಟ ಉಪಮೆಗಳೇ ಎನ್ನಿಸುವಷ್ಟು ಇವೆ. 'ಸ್ಟೋನ್ ಡೆಡ್', 'ಐಸ್ ಕೋಲ್ಡ್', 'ಪಿಚ್ ಡಾರ್ಕ್', 'ಬೋನ್ ಡ್ರೈ', 'ರೇಜರ್ ಶಾರ್ಪ್', 'ಕ್ರಿಸ್ಟಲ್ ಕ್ಲಿಯರ್'. 'ಬ್ರ್ಯಾಂಡ್ ನ್ಯೂ' ಎಂಬಲ್ಲಿಯ ಬ್ರ್ಯಾಂಡ್ ಕಂಪನಿಯ ಹೆಸರಲ್ಲ. ಆ ಪದಕ್ಕೆ ಹಿಂದೆ ಉರಿಯುವ ಕೊಳ್ಳಿ, ಬೆಂಕಿ ಎಂಬ ಅರ್ಥವಿತ್ತು. ಕುಲುಮೆಯಿಂದ ಈಗಷ್ಟೇ ಹೊರಬಂದಷ್ಟು ಹೊಸದು ಎಂದು ತಾತ್ಪರ್ಯ. ನಮ್ಮ ಇದ್ದಿಲುಗಪ್ಪು, ಹಾಲುಬಿಳುಪುಗಳ ಹಾಗೆ ಇವೂ 'ಅಂತೆ', 'ಹಾಗೆ'ಗಳನ್ನು ನುಂಗಿಕೊಂಡು ಒಂದೇ ಮಾತಾಗಿವೆ. ಕಂಡು ಅಭ್ಯಾಸವಾದ ಹೋಲಿಕೆಯನ್ನೆಲ್ಲ ಅಳಿಸಬೇಕೆಂದರೆ ಇವನ್ನೂ ಅಳಿಸಬೇಕು. ಹಾಗೆ ಅಳಿಸಿದ ಇಂಗ್ಲಿಷಿನಲ್ಲಿ ಚಳಿಯನ್ನೂ ಕತ್ತಲೆಯನ್ನೂ ಹೇಗೆ ಹೇಳುವುದು?

ಆ ಬಾಗಿಲ ಮೊಳೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕಾವ್ಯಗಳಲ್ಲಿ ಅದು ಆಗಲೇ ಇದೆ. ವಿಲಿಯಂ ಲ್ಯಾಂಗ್ಲೆಂಡ್ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ಅದನ್ನು ನಗೆಮಾತಿಗೆ ಬಳಸಿಲ್ಲ. ನಡೆಯಲ್ಲಿ ಕಾಣದ ದೇವರ ನಂಬಿಕೆ ಬಾಗಿಲ ಮೊಳೆಯಷ್ಟು ಸತ್ತದ್ದು ಎಂಬ ಗಂಭೀರವಾದ ಮಾತಿಗೆ ಬಳಸಿದ್ದಾನೆ. ಮುಂದೆ ಷೇಕ್ಸ್‌ಪಿಯರನ ನಾಟಕದಲ್ಲಿ ಹಳೆಯ ರಾಜ ಸತ್ತನೇ ಎಂದು ಫಾಲ್‌ಸ್ಟಾಫ್ ಕೇಳಿದಾಗ ಬರುವ ಉತ್ತರದಲ್ಲೂ ಅದೇ ಮೊಳೆ. 1843ರಲ್ಲಿ ಡಿಕನ್ಸ್ 'ಎ ಕ್ರಿಸ್ಮಸ್ ಕ್ಯಾರಲ್' ಬರೆದಾಗ ಅದರ ಮಾರ್ಲಿ ಎಂಬ ಪಾತ್ರ ಸತ್ತದ್ದನ್ನು ಇದೇ ಹೋಲಿಕೆಯಿಂದ ಹೇಳಿ, ಒಂದು ಗಳಿಗೆ ಅಲ್ಲೇ ನಿಲ್ಲುತ್ತಾನೆ. ಬಾಗಿಲ ಮೊಳೆಯಲ್ಲಿ ಅಂಥ ವಿಶೇಷ ಸಾವು ಏನಿದೆಯೋ, ಕಬ್ಬಿಣದ ಸಾಮಾನುಗಳಲ್ಲೆಲ್ಲ ಶವಪೆಟ್ಟಿಗೆಯ ಮೊಳೆಯೇ ಹೆಚ್ಚು ಸತ್ತದ್ದಲ್ಲವೇ ಎಂದು ತನಗೆ ತಾನೇ ಕೇಳಿಕೊಳ್ಳುತ್ತಾನೆ. ಆಮೇಲೆ, ಈ ಹೋಲಿಕೆಯಲ್ಲಿ ಹಿರಿಯರ ವಿವೇಕವಿದೆ, ಅದನ್ನು ಕದಲಿಸಲು ನಾನು ಯಾರು ಎಂದು ಹಾಗೆಯೇ ಬಿಡುತ್ತಾನೆ. ಅವನು ಹುಡುಕಿದ ಶವಪೆಟ್ಟಿಗೆಯ ಮೊಳೆ ಹೊಸ ಉಪಮೆ, ತರ್ಕಕ್ಕೆ ಹೆಚ್ಚು ಒಗ್ಗುವ ಉಪಮೆ, ಆರ್ವೆಲ್‌ನ ನಿಯಮಕ್ಕೆ ಸರಿಹೋಗುವ ಉಪಮೆ. ಬೇಕೆಂದಾಗ ಹೊಸ ಉಪಮೆಗಳನ್ನು ರಾಶಿ ಸುರಿಯಬಲ್ಲ ಡಿಕನ್ಸ್ ಅದನ್ನು ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟ. ಮಾರ್ಲಿ ಸತ್ತಿರುವುದರಲ್ಲಿ ಓದುಗನಿಗೆ ಎಳ್ಳಷ್ಟೂ ಅನುಮಾನ ಉಳಿಯಬಾರದಿತ್ತು, ಯಾಕೆಂದರೆ ಮುಂದೆ ಅವನ ಪ್ರೇತ ಬರಬೇಕು. ಅನುಮಾನ ಉಳಿಸದ ಮಾತು ಯಾವುದು? ಎಲ್ಲರ ಕಿವಿಯಲ್ಲೂ ಮೊದಲೇ ಕೂತಿರುವ ಮಾತು. ಹೊಸ ಹೋಲಿಕೆ ಬಂದರೆ ಓದುಗ ಹೋಲಿಕೆಯನ್ನು ನೋಡುತ್ತಾನೆ. ಹಳೆಯದು ಬಂದರೆ ಹೆಣವನ್ನು ನೋಡುತ್ತಾನೆ.

ಆರುನೂರು ವರ್ಷಕ್ಕೂ ಮಿಕ್ಕು ಬಾಳಿದ ಈ ಮಾತನ್ನು 'ಸಾಯುತ್ತಿರುವ' ಮಾತು ಎನ್ನುವುದಾದರೆ, ಬದುಕಿರುವ ಮಾತು ಎಷ್ಟು ವರ್ಷ ಬಾಳಬೇಕು?

ಇವು ಬಾಳಲು ಇನ್ನೊಂದು ಕಾರಣ ನಾಲಿಗೆಯದು. 'ಡೆಡ್-ಡೋರ್‌ನೇಲ್', 'ಕೂಲ್-ಕ್ಯುಕಂಬರ್', 'ಗುಡ್-ಗೋಲ್ಡ್', 'ಫಿಟ್-ಫಿಡ್ಲ್', 'ರೈಟ್-ರೇನ್', 'ಬೋಲ್ಡ್-ಬ್ರಾಸ್', 'ಪ್ಲೀಸ್ಡ್-ಪಂಚ್'. ಮೊದಲ ವ್ಯಂಜನಗಳು ಕೈಹಿಡಿದುಕೊಂಡಿವೆ. 'ಬಿಯೋವುಲ್ಫ್' ಕಾಲದ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಸಾಲಿನ ಎರಡು ತುಂಡುಗಳನ್ನು ಹೊಲಿಯುತ್ತಿದ್ದುದು ಇದೇ ಮೊದಲಕ್ಷರದ ಪ್ರಾಸ. ಕಾವ್ಯ ಅದನ್ನು ಹೆಚ್ಚುಕಡಿಮೆ ಬಿಟ್ಟುಕೊಟ್ಟಿತು, ಜನ ಬಿಡಲಿಲ್ಲ. ನಮ್ಮ ಎರಡನೆಯ ಅಕ್ಷರದ ಪ್ರಾಸ ಕಾವ್ಯದಿಂದ ಇಳಿದುಹೋದ ಮೇಲೂ ಗಾದೆಗಳಲ್ಲಿ ಉಳಿದ ಹಾಗೆ, ಅವರ ಹಳೆಯ ಛಂದಸ್ಸಿನ ಒಂದು ಚೂರು ಈ ಹೋಲಿಕೆಗಳಲ್ಲಿ ಉಳಿದುಕೊಂಡಿದೆ. ಕೈಪಿಡಿ ಬರೆಯುವವರು ಅದನ್ನು ಗುಡಿಸಿ ಹೊರಹಾಕಿ ಎನ್ನುತ್ತಾರೆ.

ಇನ್ನೊಂದು ಗುಂಪಿನ ಆಕ್ಷೇಪ ವಿಜ್ಞಾನದ್ದು. ಬಾವಲಿ ಕುರುಡಲ್ಲ, ಆದ್ದರಿಂದ 'ಬ್ಲೈಂಡ್ ಆ್ಯಸ್ ಎ ಬ್ಯಾಟ್' ಸುಳ್ಳು. ಹಂದಿಗೆ ಬೆವರುವ ಶಕ್ತಿ ತೀರಾ ಕಡಿಮೆ, ಮೈ ತಂಪಾಗಲೆಂದೇ ಅದು ಕೆಸರಿನಲ್ಲಿ ಹೊರಳುವುದು, ಆದ್ದರಿಂದ 'ಸ್ವೆಟಿಂಗ್ ಲೈಕ್ ಎ ಪಿಗ್' ಸುಳ್ಳು. ಸಣ್ಣ ಹಕ್ಕಿ ತನ್ನ ತೂಕಕ್ಕೆ ಹೋಲಿಸಿದರೆ ಮನುಷ್ಯನಿಗಿಂತ ಎಷ್ಟೋ ಹೆಚ್ಚು ತಿನ್ನುತ್ತದೆ, ಆದ್ದರಿಂದ ಕಡಿಮೆ ಉಣ್ಣುವವರನ್ನು 'ಈಟ್ಸ್ ಲೈಕ್ ಎ ಬರ್ಡ್' ಎನ್ನುವುದು ಸುಳ್ಳು. ಪ್ರಾಣಿಶಾಸ್ತ್ರವಾಗಿ ಇದೆಲ್ಲ ಸರಿ. ಆದರೆ ನಮ್ಮ ಕಾವ್ಯಶಾಸ್ತ್ರ ಓದಿದವರಿಗೆ ಈ ಆಕ್ಷೇಪದ ಉತ್ತರ ಗೊತ್ತಿದೆ. ಚಕೋರ ಬೆಳದಿಂಗಳು ಕುಡಿಯುವುದಿಲ್ಲ. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುವುದಿಲ್ಲ. ಇದು ತಿಳಿದೂ ಕವಿಗಳು ತಲೆಮಾರುಗಳಿಂದ ಒಪ್ಪಿಕೊಂಡು ಬಂದ ಕಟ್ಟಳೆಗೆ ಆಲಂಕಾರಿಕರು ಕವಿಸಮಯ ಎಂದು ಹೆಸರಿಟ್ಟರು. ಅದನ್ನು ದೋಷವೆಂದು ಎಣಿಸಲಿಲ್ಲ. ಇಂಗ್ಲಿಷ್ ಬೀದಿಯ ಬಾವಲಿ, ಹಂದಿ, ಹಕ್ಕಿಗಳು ಅಲ್ಲಿಯ ಜನರ ಕವಿಸಮಯ. ಕನ್ನಡಕ ಮರೆತ ಅಜ್ಜ 'ಆಮ್ ಬ್ಲೈಂಡ್ ಆ್ಯಸ್ ಎ ಬ್ಯಾಟ್' ಎಂದಾಗ ಬಾವಲಿಯ ಕಣ್ಣಿನ ರಚನೆಯನ್ನು ವಿವರಿಸುವವನು ಅಜ್ಜನ ಕನ್ನಡಕ ಹುಡುಕಿಕೊಟ್ಟರೆ ಉಪಕಾರವಾದೀತು.

ಚಿತ್ರ ಮರೆತುಹೋದ ಕಡೆಯಲ್ಲೂ ಬಾಳಿನ ಒಂದು ತುಣುಕು ಒಳಗೆ ಕೂತಿರುತ್ತದೆ. ಅಮೆರಿಕದವರು ಸುಖವಾಗಿರುವವನನ್ನು 'ಹ್ಯಾಪಿ ಆ್ಯಸ್ ಎ ಕ್ಲ್ಯಾಮ್' ಎನ್ನುತ್ತಾರೆ. ಚಿಪ್ಪಿನೊಳಗಿನ ಮೃದ್ವಂಗಿಗೆ ಏನು ಸುಖ ಎಂದು ಅದನ್ನು ಆಡುವವರೇ ಅಚ್ಚರಿಪಡುತ್ತಾರೆ. ಆ ಮಾತಿಗೆ ಹಿಂದೆ ಒಂದು ಬಾಲವಿತ್ತು: 'ಉಬ್ಬರದ ಹೊತ್ತಿನಲ್ಲಿ'. ಕಡಲು ಇಳಿದಾಗ ಜನ ಮರಳು ಬಗೆದು ಚಿಪ್ಪುಗಳನ್ನು ಆಯುತ್ತಾರೆ. ಉಬ್ಬರವಿದ್ದಾಗ ಯಾರ ಕೈಯೂ ಮುಟ್ಟದು. ಅಮೆರಿಕದ ಈಶಾನ್ಯ ಕರಾವಳಿಯ ಬಡವರ ದಿನಚರಿಯೇ ಆ ಉದುರಿಹೋದ ಬಾಲದಲ್ಲಿದೆ. ಕಾರವಾರ, ಕುಮಟೆಯ ಕಡೆ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಚಿಪ್ಪಿಕಲ್ಲು ಆಯಲು ಹೋಗುವ ಹೆಂಗಸರಿಗೆ ಈ ಹೋಲಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. 'ಮ್ಯಾಡ್ ಆ್ಯಸ್ ಎ ಹ್ಯಾಟರ್' (ಟೋಪಿ ಮಾಡುವವನಷ್ಟು ಹುಚ್ಚ) ಎಂಬುದು 1865ರಲ್ಲಿ ಬಂದ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಗಿಂತ ಹಳೆಯದು. ಮೊಲದ ತುಪ್ಪಳವನ್ನು ಟೋಪಿಯ ಬಟ್ಟೆಯಾಗಿ ಹದ ಮಾಡಲು ಪಾದರಸದ ಲವಣ ಬಳಸುತ್ತಿದ್ದ ಕಾಲದಲ್ಲಿ ಕೆಲಸಗಾರರ ಕೈ ನಡುಗುತ್ತಿತ್ತು, ಮನಸ್ಸು ಕೆಡುತ್ತಿತ್ತು. ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಟೋಪಿಗಳ ಊರು, ಅಲ್ಲಿಯವರು ಈ ರೋಗವನ್ನು ಊರಿನ ಹೆಸರಿನಿಂದಲೇ 'ಡ್ಯಾನ್‌ಬರಿ ಶೇಕ್ಸ್' ಎಂದು ಕರೆದರು. ಆ ಕಾರ್ಮಿಕರ ನೆನಪನ್ನು ಇವತ್ತು ಜನರ ನಡುವೆ ಜೀವಂತ ಇಟ್ಟಿರುವುದು ಈ ಒಂದು ಹೋಲಿಕೆ. 'ಅದರ ಅರ್ಥವೇನು?' ಎಂದು ಒಂದು ಮಗು ಕೇಳಿದರೆ ಸಾಕು, ಪಾದರಸದ ಕಥೆ ಹೊರಗೆ ಬರುತ್ತದೆ. 'ಎಕ್ಸ್‌ಟ್ರೀಮ್‌ಲಿ' ಎಂಬ ಪದದ ಬಗ್ಗೆ ಯಾವ ಮಗು ಏನು ಕೇಳೀತು?

ಇವು ಸತ್ತ ಮಾತುಗಳು ಎನ್ನುವವರ ಮುಂದೆ ನಾನು ಇನ್ನೊಂದು ಉದಾಹರಣೆ ಇಡುತ್ತೇನೆ. 'ಲೈಕ್ ಎ ಗರ್ಲ್'. ಹುಡುಗಿಯ ಹಾಗೆ ಓಡು, ಹುಡುಗಿಯ ಹಾಗೆ ಚೆಂಡು ಎಸೆ. ಇದಕ್ಕಿಂತ ಸವೆದ ಹೋಲಿಕೆ ಇಂಗ್ಲಿಷಿನ ಆಟದ ಬಯಲಿನಲ್ಲಿ ಇರಲಾರದು. 2014ರಲ್ಲಿ 'ಆಲ್ವೇಸ್' ಎಂಬ ಸ್ಯಾನಿಟರಿ ಪ್ಯಾಡಿನ ಜಾಹೀರಾತಿಗಾಗಿ ಲಾರೆನ್ ಗ್ರೀನ್‌ಫೀಲ್ಡ್ ಒಂದು ಕಿರುಚಿತ್ರ ಮಾಡಿದಳು. ಹುಡುಗಿಯ ಹಾಗೆ ಓಡಿ ತೋರಿಸು ಎಂದಾಗ ದೊಡ್ಡವರು ಕೈಕಾಲು ಸಡಿಲ ಬಿಟ್ಟು ಅಣಕವಾಡುತ್ತಾರೆ. ಎಳೆಯ ಹುಡುಗಿಯರು ಮಾತ್ರ ತಮ್ಮ ಶಕ್ತಿಯನ್ನೆಲ್ಲ ಹಾಕಿ ಓಡುತ್ತಾರೆ. ಅವರ ಕಿವಿಗೆ ಆ ಹೋಲಿಕೆಯ ವಿಷ ಇನ್ನೂ ತಲುಪಿರಲಿಲ್ಲ. ಆ ಮಾತು ಸತ್ತಿದ್ದರೆ ಆ ವಿಷ ಎಲ್ಲಿಂದ ಬಂತು? ಕೀಳುಮಾಡುವ ಹೋಲಿಕೆಗಳನ್ನು, ಜಾತಿ ಬಣ್ಣ ಲಿಂಗಗಳನ್ನು ಹಂಗಿಸುವ ಹೋಲಿಕೆಗಳನ್ನು ಬಿಡಬೇಕು ಎನ್ನುವವರ ಜೊತೆ ನಾನಿದ್ದೇನೆ. ಅವು ಬದುಕಿವೆ, ಕಚ್ಚುತ್ತವೆ, ಆದ್ದರಿಂದಲೇ ಬಿಡಬೇಕು. ಆದರೆ ಕಚ್ಚುವಾಗ ಜೀವವಿರುವ ರೂಢಿಯ ಹೋಲಿಕೆ ತಬ್ಬಿಕೊಳ್ಳುವಾಗ ಮಾತ್ರ ಹೆಣ ಎನ್ನುವುದು ಯಾವ ನ್ಯಾಯ?

ರಾಜಕೀಯದ ಮಾತಿಗೆ ಬರೋಣ. ಆರ್ವೆಲ್‌ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಚಿಂತೆ ಅದೇ. 1979ರ ಮಾರ್ಚ್ 28ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಜೇಮ್ಸ್ ಕ್ಯಾಲಹನ್ ಸರ್ಕಾರದ ಮೇಲೆ ಅವಿಶ್ವಾಸದ ಚರ್ಚೆ ನಡೆಯಿತು. ಬಹುಮತವಿಲ್ಲದ ಸರ್ಕಾರ. ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಸಿಗದೆ ಹೋದ ಸಿಟ್ಟಿನಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ 11 ಸದಸ್ಯರು ಸರ್ಕಾರದ ವಿರುದ್ಧ ನಿಂತಿದ್ದರು. ಚುನಾವಣೆ ಬಂದರೆ ಮೊದಲು ಕೊಚ್ಚಿಹೋಗುವವರು ಅವರೇ ಎಂದು ಎಲ್ಲರಿಗೂ ಗೊತ್ತಿತ್ತು. ಟರ್ಕಿ ಕೋಳಿಗಳು ಕ್ರಿಸ್ಮಸ್ ಬೇಗ ಬರಲಿ ಎಂದು ವೋಟು ಹಾಕಿದ್ದು ಚರಿತ್ರೆಯಲ್ಲಿ ಇದೇ ಮೊದಲು ಎಂದು ಕ್ಯಾಲಹನ್ ಹೇಳಿದ. ನಮ್ಮಲ್ಲಾದರೆ ಮಾರಿಹಬ್ಬ ಬೇಗ ಬರಲಿ ಎಂದು ಕುರಿಗಳು ವೋಟು ಹಾಕಿದವು ಎನ್ನಬಹುದಿತ್ತು. ಆ ಮಾತು ಕ್ಯಾಲಹನ್ ಹುಟ್ಟಿಸಿದ್ದಲ್ಲ. ಸಭಾಂಗಣದ ಓಣಿಗಳಲ್ಲಿ ಆಗಲೇ ಓಡಾಡುತ್ತಿದ್ದ ಮಾತು ಎಂದು ಅವನೇ ಹೇಳಿಕೊಂಡ. ಆ ರಾತ್ರಿ ಸರ್ಕಾರ 311ಕ್ಕೆ 310, ಒಂದೇ ಮತದಿಂದ ಬಿತ್ತು. ಮೇ 3ರ ಚುನಾವಣೆಯಲ್ಲಿ ಆ ಪಕ್ಷದ 11 ಸ್ಥಾನ 2ಕ್ಕೆ ಇಳಿಯಿತು. ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದಳು.

ಎರವಲು ತಂದ ಒಂದು ಹೋಲಿಕೆ, ಅಂದಿನ ರಾಜಕೀಯ ವಿಶ್ಲೇಷಣೆ ಏನನ್ನು ಪುಟಗಟ್ಟಲೆ ಹೇಳಬೇಕಾಗಿತ್ತೋ ಅದನ್ನು ಒಂದೇ ಉಸಿರಿನಲ್ಲಿ, ಒಂದಿಷ್ಟೂ ತಪ್ಪಿಲ್ಲದೆ ಹೇಳಿತು. ಇವತ್ತು 'ಟರ್ಕೀಸ್ ವೋಟಿಂಗ್ ಫಾರ್ ಕ್ರಿಸ್ಮಸ್' ಎಂಬುದು ಬ್ರಿಟನ್ನಿನ ಪತ್ರಿಕೆಗಳಲ್ಲಿ ದಿನಬಳಕೆಯ ಮಾತು. ಆರ್ವೆಲ್‌ನ ಮೊದಲನೆಯ ನಿಯಮದ ಪ್ರಕಾರ ಅದೀಗ ನಿಷಿದ್ಧ. ತನ್ನ ನಾಶಕ್ಕೆ ತಾನೇ ಕೈ ಎತ್ತುವವರ ವಿಚಾರವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಹೇಳುವ ಬೇರೆ ಮಾತು ಆ ಭಾಷೆಯಲ್ಲಿ ನನಗೆ ಕಾಣದು. ಒಳ್ಳೆಯದೆಂದು ಎಲ್ಲರೂ ಎತ್ತಿಕೊಂಡರು ಎಂಬ ಒಂದೇ ಕಾರಣಕ್ಕೆ ಅದನ್ನು ಕೆಟ್ಟದ್ದೆನ್ನಬೇಕೇ?

ಹೋಲಿಕೆಗೆ ಹೊಸತನಕ್ಕಿಂತ ಮುಖ್ಯವಾದದ್ದು ಪರಿಚಯ. ನ್ಯಾಯಶಾಸ್ತ್ರದವರು ಉಪಮಾನವನ್ನು ಒಂದು ಪ್ರಮಾಣವೆಂದೇ ಒಪ್ಪಿದರು. ಚೆನ್ನಾಗಿ ಗೊತ್ತಿರುವುದರ ಹೋಲಿಕೆಯಿಂದ ಗೊತ್ತಿಲ್ಲದ್ದನ್ನು ತಿಳಿಯುವುದು ಎಂದು ಅವರ ಲಕ್ಷಣ. ಗವಯ ಎಂಬ ಕಾಡುಪ್ರಾಣಿ ಹಸುವಿನ ಹಾಗಿರುತ್ತದೆ ಎಂದು ಕೇಳಿದ ಊರಿನವನು ಕಾಡಿಗೆ ಹೋದಾಗ ಅದನ್ನು ಗುರುತು ಹಿಡಿಯುತ್ತಾನೆ. ಹಸು ಎಲ್ಲರಿಗೂ ಗೊತ್ತಿರುವುದರಿಂದಲೇ ಆ ಹೋಲಿಕೆ ನಡೆಯುತ್ತದೆ. ಹಾಗೆಯೇ, ಮಂತ್ರಿಯಾಗಿದ್ದ ಜೆಫ್ರಿ ಹೌ 1990ರ ನವೆಂಬರ್ 13ರಂದು ತಾನು ಥ್ಯಾಚರ್ ಸಂಪುಟ ಬಿಟ್ಟ ಕಾರಣವನ್ನು ಸಂಸತ್ತಿಗೆ ಹೇಳಿದಾಗ ಎತ್ತಿಕೊಂಡದ್ದು ಪ್ರತಿ ಹಳ್ಳಿಯ ಮೈದಾನದಲ್ಲೂ ನಡೆಯುವ ಕ್ರಿಕೆಟ್ಟನ್ನು. ಆರಂಭದ ಬ್ಯಾಟುಗಾರರನ್ನು ಕಣಕ್ಕೆ ಕಳಿಸಿ, ಮೊದಲ ಚೆಂಡು ಬೀಳುವ ಹೊತ್ತಿಗೆ ನೋಡಿದರೆ ಅವರ ಬ್ಯಾಟುಗಳನ್ನು ನಾಯಕನೇ ಮುರಿದಿಟ್ಟಿದ್ದ ಹಾಗೆ ಎಂದ. ಒಂಬತ್ತು ದಿನಗಳಲ್ಲಿ ಥ್ಯಾಚರ್ ಅಧಿಕಾರ ಬಿಡುವುದಾಗಿ ಸಾರಿದಳು. ಆ ಮಾತಿನ ಜೋಡಣೆ ಹೊಸದು, ಒಪ್ಪುತ್ತೇನೆ. ಅದಕ್ಕೆ ಬಲ ಬಂದದ್ದು ಯಾರಿಗೂ ಹೊಸದಲ್ಲದ ಬ್ಯಾಟಿನಿಂದ, ನಾಯಕನಿಂದ. ಹೊಸ ಉಪಮೆಗಳು ಮೊಳೆಯುವುದು ಹಳೆಯವು ಕೊಳೆತು ಹದಗೊಂಡ ಮಣ್ಣಿನಲ್ಲೇ.

ಆ ಮಣ್ಣು ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆ. ಆಸ್ಟ್ರೇಲಿಯದವನು ಕೈತುಂಬ ಕೆಲಸವಿದ್ದರೆ 'ನೀರು ಕುಡಿಯುವ ಹಲ್ಲಿಯ ಹಾಗೆ' ಎನ್ನುತ್ತಾನೆ, ಗಟ್ಟಿಮುಟ್ಟಾಗಿದ್ದರೆ ವಿಕ್ಟೋರಿಯ ರಾಜ್ಯದ ಬರಡು ಸೀಮೆ ಮ್ಯಾಲಿಯ ಹೋರಿಗೆ ಹೋಲಿಸುತ್ತಾನೆ. ಅಮೆರಿಕದ ದಕ್ಷಿಣದವರಿಗೆ ದಿಗಿಲುಬಿದ್ದವನು ತೂಗುಕುರ್ಚಿಗಳು ತುಂಬಿದ ಕೋಣೆಯಲ್ಲಿ ಸಿಕ್ಕ ಉದ್ದಬಾಲದ ಬೆಕ್ಕು. ಜಾನಪದ ವಿದ್ವಾಂಸ ಆರ್ಚರ್ ಟೇಲರ್ 1954ರಲ್ಲಿ ಕ್ಯಾಲಿಫೋರ್ನಿಯ ಒಂದರಲ್ಲೇ ಆಡುವ ಇಂಥ ಹೋಲಿಕೆಗಳನ್ನು ಒಂದು ಪುಸ್ತಕವಾಗಿ ಹೊರತಂದ. ಒಂದು ರಾಜ್ಯಕ್ಕೆ ಒಂದು ಪುಸ್ತಕ. ಇವನ್ನು ಅಳಿಸಿದ ಜಾಗದಲ್ಲಿ ಹೊಸ ಉಪಮೆ ಹುಟ್ಟುತ್ತದೆ ಎಂದು ನಿಯಮದವರು ನಂಬಿದ್ದಾರೆ. ನಾನು ಇಪ್ಪತ್ತು ವರ್ಷ ಅಳಿಸಿ ನೋಡಿದ್ದೇನೆ, ಅಲ್ಲಿ ಏನು ಹುಟ್ಟಿತೆಂದು ಬಲ್ಲೆ. 'ಬ್ರೇವ್ ಆ್ಯಸ್ ಎ ಲಯನ್' ಹೋಗಿ 'ವೆರಿ ಬ್ರೇವ್' ಬಂತು, ಮರುವರ್ಷ 'ಎಕ್ಸ್‌ಟ್ರೀಮ್‌ಲಿ ಬ್ರೇವ್' ಬಂತು. ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ನನ್ನ ತಂಗಿಯ ಮಗಳಿಗೆ ತರಬೇತಿಯಲ್ಲಿ ಹೋಲಿಕೆಗಳನ್ನೆಲ್ಲ ಬಿಡಿ, ಇಂಗ್ಲಿಷ್ ಸರಳವಾಗಿರಲಿ ಎಂದು ಹೇಳಿಕೊಟ್ಟರು. ಅವಳು ಈಗ ಬರೆಯುವ ಪತ್ರಗಳಲ್ಲಿ ಎಲ್ಲವೂ 'ರೋಬಸ್ಟ್', ಎಲ್ಲವೂ 'ಸಿಗ್ನಿಫಿಕೆಂಟ್'. ಒಂದು ವಸ್ತು ಇಲ್ಲ, ಒಂದು ಪ್ರಾಣಿ ಇಲ್ಲ, ಮಳೆ ಇಲ್ಲ, ಮೊಳೆ ಇಲ್ಲ. ಆರ್ವೆಲ್ ಜೀವಮಾನವಿಡೀ ದ್ವೇಷಿಸಿದ್ದು ಇಂಥ ಪೊಳ್ಳು ಅಮೂರ್ತ ಗದ್ಯವನ್ನು. ಅವನ ನಿಯಮದ ಹೆಸರಿನಲ್ಲಿ ನಾವು ಅದನ್ನೇ ಬೆಳೆಸಿದೆವು.

ಆರ್ವೆಲ್‌ಗೆ ನಾನು ಅನ್ಯಾಯ ಮಾಡಲಾರೆ. ಸವೆದ ರೂಪಕಗಳೆಂದು ಅವನು ಕೊಟ್ಟ ಪಟ್ಟಿಯಲ್ಲಿ ಅಕಿಲೀಸನ ಹಿಮ್ಮಡಿ ಇದೆ, ಹಂಸಗೀತೆ ಇದೆ, ಭಾಷಣಕಾರರು ಉಗುಳುವ ಹತ್ತಾರು ಮಾತುಗಳಿವೆ. ಅಡುಗೆಮನೆಯ 'ಆ್ಯಸ್... ಆ್ಯಸ್' ಹೋಲಿಕೆ ಒಂದೂ ಇಲ್ಲ. ಅವನೇ ಅದೇ ಪ್ರಬಂಧದಲ್ಲಿ, ಸಿದ್ಧ ನುಡಿಗಟ್ಟುಗಳು ಮನಸ್ಸನ್ನು ಮುಚ್ಚುವ ರೀತಿಯನ್ನು ಹೇಳಲು ಸಿಂಕಿನಲ್ಲಿ ಕಟ್ಟಿಕೊಂಡ ಟೀ ಚರಟವನ್ನು ತಂದ. ಅನಾಗರಿಕವಾದ ಮಾತು ಬರೆಯುವುದಕ್ಕಿಂತ ನಿಯಮ ಮುರಿಯುವುದೇ ಮೇಲು ಎಂದು ಆರನೆಯ ನಿಯಮದಲ್ಲಿ ಹೇಳಿದ. ಮಂತ್ರಿಯ ಬಾಯಿ ಕಟ್ಟಲು ಅವನು ಹೆಣೆದ ಹಗ್ಗವನ್ನು ತಂದು ಅಜ್ಜಿಯ ಬಾಯಿಗೆ ಕಟ್ಟಿದವರು ನಾವು, ಮೇಷ್ಟರುಗಳು. ವೈದ್ಯರ ವರದಿಯಲ್ಲಿ, ಕೋರ್ಟಿನ ತೀರ್ಪಿನಲ್ಲಿ ಈ ಹೋಲಿಕೆಗಳು ಬೇಡ. ಒಂದೇ ವಾಕ್ಯದಲ್ಲಿ ನಾಲ್ಕನ್ನು ತುರುಕುವುದೂ ಬೇಡ. ಅದು ಹದ ತಿಳಿಯುವ ಮಾತು, ನಿಷೇಧದ ಮಾತಲ್ಲ.

ನನ್ನ ಕಣ್ಣು ತೆರೆಸಿದ್ದು ಪುಸ್ತಕವಲ್ಲ. ನಿವೃತ್ತಿಯಾದ ಮೇಲೆ ಮಗಳನ್ನು ನೋಡಲು ನಾವಿಬ್ಬರೂ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿದ್ದಾಗ ನನ್ನ ಹೆಂಡತಿ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದ ಮೊದಲ ರಾತ್ರಿ ವಾರ್ಡಿನಲ್ಲಿ ಅವಳೊಬ್ಬಳೇ. ಅವಳಿಗೆ ಇಂಗ್ಲಿಷ್ ಬಾರದು. ನೋವು ಎನ್ನುವುದಕ್ಕೂ ನೀರು ಎನ್ನುವುದಕ್ಕೂ ಪದವಿಲ್ಲದೆ ಹೇಗೆ ರಾತ್ರಿ ಕಳೆದಳೋ ಎಂದು ಬೆಳಿಗ್ಗೆ ಓಡಿಹೋದೆ. ರಾತ್ರಿಪಾಳಿ ಮುಗಿಸಿ ಹೊರಡುತ್ತಿದ್ದ ನರ್ಸ್, ಐವತ್ತು ದಾಟಿದ ಯಾರ್ಕ್‌ಶೈರಿನ ಹೆಂಗಸು, ನನ್ನ ಮುಖ ನೋಡಿ ನಿಂತಳು. "ಶೀಸ್ ಬೀನ್ ಗುಡ್ ಆ್ಯಸ್ ಗೋಲ್ಡ್, ಲವ್" ಎಂದಳು. ಎದೆ ಹಗುರಾಯಿತು. ಅದರ ಬದಲು ಅವಳು ಯಾರೂ ಕೇಳದ ಒಂದು ಹೊಸ ಉಪಮೆ ಹೇಳಿದ್ದರೆ ನಾನು ಅಲ್ಲೇ ನಿಂತು ಅದರ ಅರ್ಥ ಬಿಡಿಸಬೇಕಾಗುತ್ತಿತ್ತು.

"ಏನಂತಾಳ್ರೀ?" ಎಂದು ಹೆಂಡತಿ ಹಾಸಿಗೆಯಿಂದ ಕೇಳಿದಳು.

"ಬಂಗಾರದಂಥವರು ಅಂತಾಳೆ."

"ರಾತ್ರಿಯೆಲ್ಲ ಕೈ ಹಿಡ್ಕೊಂಡು ಕೂತಿದ್ದೋಳು ಅವಳು. ಅವಳೇ ಬಂಗಾರ ಅಂತ ಹೇಳ್ರೀ."

ಹೇಳಿದೆ. ಮಾತು ಬದಲಾಯಿಸದೆ, ಅದೇ ಹೋಲಿಕೆಯಲ್ಲಿ ಹೇಳಿದೆ. ನರ್ಸ್ ಕೋಟು ಹಾಕಿಕೊಳ್ಳುತ್ತ ಪಕ್ಕದ ಹಾಸಿಗೆಯತ್ತ ತಿರುಗಿದಳು. ಅಲ್ಲೊಬ್ಬಳು ತೊಂಬತ್ತರ ಮುದುಕಿ, ಅವಳನ್ನು ನೋಡಲು ಯಾರೂ ಬಂದಿರಲಿಲ್ಲ. ಅವಳ ಹೊದಿಕೆ ಸರಿಮಾಡಿ ನರ್ಸ್ ಅವಳಿಗೂ ಅದನ್ನೇ ಹೇಳಿದಳು, ಗುಡ್ ಆ್ಯಸ್ ಗೋಲ್ಡ್ ಎಂದು. ಮುದುಕಿ ಕಣ್ಣು ಬಿಟ್ಟು ಅವಳ ತೋಳು ಹಿಡಿದುಕೊಂಡಳು.